ಗಡಿನಾಡಿನ ಫಾರ್ಮಸಿಸ್ಟರಿಗೆ ಸ್ಪೆಷಾಲಿಟಿ ಫಾರ್ಮಸಿ ರೆಸಿಡೆನ್ಸಿ: ಅರ್ಹತೆ, ಅರ್ಜಿ ಮತ್ತು ಊರಿನಲ್ಲೇ ನಡೆಸಬಹುದಾದ ಸಿದ್ಧತೆ

ಮಂಗಳೂರಿನ ಆಸ್ಪತ್ರೆಯಲ್ಲಿ ಬರೆದ ಔಷಧ ಚೀಟಿ ಕಾಸರಗೋಡಿನ, ಕುಂಬಳೆಯ ಅಥವಾ ಬದಿಯಡ್ಕದ ಮದ್ದಿನಂಗಡಿಗೆ ಬರುವುದು ಗಡಿನಾಡಿನಲ್ಲಿ ನಿತ್ಯದ ವ್ಯವಹಾರ. ಚೀಟಿ ಬರೆದ ವೈದ್ಯರು ಒಂದು ರಾಜ್ಯದಲ್ಲಿ, ಔಷಧ ಕೊಡುವ ಫಾರ್ಮಸಿಸ್ಟ್ ಇನ್ನೊಂದು ರಾಜ್ಯದಲ್ಲಿ, ರೋಗಿಯ ಮನೆ ಎಣ್ಮಕಜೆಯದೋ ದೇಲಂಪಾಡಿಯದೋ ಗುಡ್ಡದ ಬದಿಯಲ್ಲಿ. ಮೂರು ದಿನದ ಜ್ವರದ ಮದ್ದಿಗೆ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಟ್ಯಾಕ್ರೊಲಿಮಸ್, ಸಂಧಿವಾತಕ್ಕೆ ಕೊಡುವ ಅಡಲಿಮುಮ್ಯಾಬ್ ಚುಚ್ಚುಮದ್ದು, ಮನೆಯಲ್ಲೇ ನುಂಗುವ ಕ್ಯಾನ್ಸರ್ ಮಾತ್ರೆ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾಕ್ಕೆ ಕೊಡುವ ಫ್ಯಾಕ್ಟರ್ ಚುಚ್ಚುಮದ್ದು ಮುಂತಾದವುಗಳ ಮಾತು ಬೇರೆ. ಇವುಗಳ ಬೆಲೆ ಹೆಚ್ಚು, ಸಿಗುವ ಜಾಗ ಕಡಿಮೆ. ಕೆಲವನ್ನು ತಂಪಿನಲ್ಲೇ ಇಡಬೇಕು, ಕೆಲವಕ್ಕೆ ರಕ್ತಪರೀಕ್ಷೆಯ ಫಲಿತಾಂಶ ನೋಡುತ್ತಲೇ ಪ್ರಮಾಣ ತಿದ್ದಬೇಕು. ಇಂಥ ಔಷಧಗಳನ್ನು ಒದಗಿಸಿ, ರೋಗಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡಿಕೊಳ್ಳುವ ವೃತ್ತಿಭಾಗವನ್ನು ಅಮೆರಿಕದಲ್ಲಿ ಸ್ಪೆಷಾಲಿಟಿ ಫಾರ್ಮಸಿ ಎಂದು ಕರೆಯುತ್ತಾರೆ. ಔಷಧವನ್ನು ಕೈಗಿತ್ತ ಮೇಲೆಯೇ ಇದರ ಹೆಚ್ಚಿನ ಕೆಲಸ ಆರಂಭವಾಗುತ್ತದೆ.

ಈ ಮಾರ್ಗದರ್ಶಿ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಮುಗಿಸಿದ ಅಥವಾ ಮುಗಿಸುತ್ತಿರುವ ಗಡಿನಾಡಿನ ಕನ್ನಡಿಗರಿಗಾಗಿ. ದೇರಳಕಟ್ಟೆ, ವಳಚ್ಚಿಲ್, ಮಣಿಪಾಲಗಳಲ್ಲಿ ಓದಿ ಊರಿಗೆ ಮರಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪದವಿಯ ಬಳಿಕ ಕೆಲಸ ಮಾಡುತ್ತಲೇ ಪಡೆಯುವ ತರಬೇತಿಯಾದ ಅಮೆರಿಕದ ರೆಸಿಡೆನ್ಸಿಯ ದಾರಿಯನ್ನು ಮೊದಲು ಹೇಳಿ, ಅದೇ ತರಬೇತಿಯ ಸಾರವನ್ನು ಕಾಸರಗೋಡಿನಲ್ಲಿ ಒಂದು ವರ್ಷದಲ್ಲಿ ಹೇಗೆ ಕಟ್ಟಿಕೊಳ್ಳಬಹುದು ಎಂಬುದನ್ನು ಆಮೇಲೆ ವಿಸ್ತಾರವಾಗಿ ಹೇಳುತ್ತೇನೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದನ್ನು ಮಾಡದೆ ಮೊದಲನೆಯದಕ್ಕೆ ಕೈಹಾಕುವುದು ಬರಿಯ ಖರ್ಚಿನ ದಾರಿ.

ರೆಸಿಡೆನ್ಸಿಯ ಸ್ವರೂಪ

ಅಮೆರಿಕದಲ್ಲಿ ಫಾರ್ಮಸಿ ಪದವಿಯ ಬಳಿಕ ಮಾಡುವ ಮೊದಲ ವರ್ಷದ ರೆಸಿಡೆನ್ಸಿಯನ್ನು ಪಿಜಿವೈ1 ಎನ್ನುತ್ತಾರೆ. ಅದರಲ್ಲಿ ಆಸ್ಪತ್ರೆ ಕೇಂದ್ರಿತವಾದದ್ದು ಒಂದು ಬಗೆ, ಸಮುದಾಯ ಕೇಂದ್ರಿತವಾದದ್ದು ಇನ್ನೊಂದು ಬಗೆ. ಸಮುದಾಯ ಕೇಂದ್ರಿತ ರೆಸಿಡೆನ್ಸಿಗಳಿಗೆ ಎಎಸ್‌ಎಚ್‌ಪಿ ಮತ್ತು ಎಪಿಎಚ್‌ಎ ಎಂಬ ಎರಡು ವೃತ್ತಿ ಸಂಘಟನೆಗಳು ಸೇರಿ ಮಾನ್ಯತೆ ನೀಡುತ್ತವೆ. ಅವಧಿ ಹನ್ನೆರಡು ತಿಂಗಳು. ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈಯಲ್ಲಿ ಆರಂಭವಾಗುತ್ತದೆ. ಸಂಬಳವಿರುವ ತರಬೇತಿ ಇದು; ಆದರೆ ಪೂರ್ಣ ಪ್ರಮಾಣದ ಫಾರ್ಮಸಿಸ್ಟ್ ಪಡೆಯುವ ಸಂಬಳಕ್ಕಿಂತ ಸಾಕಷ್ಟು ಕಡಿಮೆ. ಕೆಲಸದ ಹೊತ್ತು ನಾಲ್ಕು ವಾರಗಳ ಸರಾಸರಿಯಲ್ಲಿ ವಾರಕ್ಕೆ 80 ಗಂಟೆ ಮೀರಬಾರದು ಎಂಬ ನಿಯಮವಿದೆ. ನಿಯಮವೊಂದನ್ನು ಬರೆದಿಡಬೇಕಾಗಿ ಬಂದದ್ದರಿಂದಲೇ ದುಡಿಮೆಯ ಅಂದಾಜು ಸಿಗುತ್ತದೆ.

ಸ್ಪೆಷಾಲಿಟಿ ಫಾರ್ಮಸಿಯಲ್ಲಿ ಈ ವರ್ಷವನ್ನು ಕಳೆಯುವ ರೆಸಿಡೆಂಟ್ ಕ್ಯಾನ್ಸರ್, ಸಂಧಿವಾತ, ಹೆಪಟೈಟಿಸ್ ಸಿ, ಮಲ್ಟಿಪಲ್ ಸ್ಕ್ಲೆರೋಸಿಸ್, ಎಚ್‌ಐವಿ, ಅಂಗಾಂಗ ಕಸಿ ಮುಂತಾದ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತಾರೆ. ಹೊಸ ರೋಗಿಗೆ ಔಷಧವನ್ನು ಪರಿಚಯಿಸುವುದು, ವಿಮಾ ಕಂಪನಿಯಿಂದ ಮುಂಗಡ ಅನುಮತಿ ಪಡೆಯುವುದು, ಪ್ರತಿ ತಿಂಗಳೂ ಔಷಧ ಮುಗಿಯುವ ಮೊದಲು ಕರೆಮಾಡಿ ವಿಚಾರಿಸುವುದು, ಅಡ್ಡಪರಿಣಾಮಗಳನ್ನು ವೈದ್ಯರಿಗೆ ತಿಳಿಸುವುದು ದಿನದ ಕೆಲಸಗಳು. ಇದರ ಜತೆಗೆ ವರ್ಷವಿಡೀ ಒಂದು ಸಂಶೋಧನಾ ಯೋಜನೆಯನ್ನು ನಡೆಸಿ ಅದನ್ನು ಸಮ್ಮೇಳನದಲ್ಲಿ ಮಂಡಿಸಬೇಕು, ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು, ಆಡಳಿತದ ಒಂದಿಷ್ಟು ಹೊಣೆಯನ್ನೂ ಹೊರಬೇಕು. ಇವೆಲ್ಲವನ್ನೂ ಪ್ರಿಸೆಪ್ಟರ್ ಎನಿಸಿದ ಹಿರಿಯ ಫಾರ್ಮಸಿಸ್ಟ್ ಲಿಖಿತವಾಗಿ ಮೌಲ್ಯಮಾಪನ ಮಾಡುತ್ತಾರೆ. ರೆಸಿಡೆನ್ಸಿಯ ಜೀವಾಳ ಈ ಲಿಖಿತ ಮೌಲ್ಯಮಾಪನವೇ ಹೊರತು ಕೆಲಸದ ಗಂಟೆಗಳಲ್ಲ.

ಭಾರತದ ಫಾರ್ಮ್.ಡಿ.ಯ ಆರನೆಯ ವರ್ಷವನ್ನೂ 2008ರ ನಿಯಮಾವಳಿ ಇಂಟರ್ನ್‌ಶಿಪ್ ಅಥವಾ ರೆಸಿಡೆನ್ಸಿ ತರಬೇತಿ ಎಂದೇ ಕರೆದಿದೆ. ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು ಎಂಬುದು ಅದರ ಹಂಚಿಕೆ. ಅದು ಪದವಿಯ ಒಳಗಿನ ಭಾಗ, ನಡೆಯುವುದು ವಾರ್ಡುಗಳಲ್ಲಿ. ರೋಗಿ ಡಿಸ್ಚಾರ್ಜ್ ಆಗಿ ಬಸ್ಸು ಹತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ವಾರ್ಡಿನಲ್ಲಿ ನಿಂತವರು ನೋಡಲಾರರು. ಆದ್ದರಿಂದ ಆರನೆಯ ವರ್ಷ ಮುಗಿಸಿದವರು ರೆಸಿಡೆನ್ಸಿಯನ್ನೇ ಮುಗಿಸಿದ್ದೇವೆಂದು ಅರ್ಜಿಯಲ್ಲಿ ಬರೆಯಬಾರದು. ಅದನ್ನು ಓದುವವರಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ಅರ್ಹತೆಯ ಮೆಟ್ಟಿಲುಗಳು

ಅಮೆರಿಕದಲ್ಲಿ ಮಾನ್ಯತೆ ಪಡೆದ ಕಾಲೇಜಿನ ಪದವಿ ಇಲ್ಲದವರು ಅಲ್ಲಿಯ ಫಾರ್ಮಸಿ ಮಂಡಳಿಗಳ ಒಕ್ಕೂಟವಾದ ಎನ್‌ಎಬಿಪಿ ವಿದೇಶಿ ಫಾರ್ಮಸಿ ಪದವೀಧರರಿಗೆ ನೀಡುವ ಎಫ್‌ಪಿಜಿಇಸಿ ಪ್ರಮಾಣಪತ್ರವನ್ನು ಪಡೆಯಬೇಕು. 2003ರ ಜನವರಿ 1ರ ಬಳಿಕ ಪದವಿ ಪಡೆದವರ ಫಾರ್ಮಸಿ ಪಠ್ಯಕ್ರಮ ಕನಿಷ್ಠ ಐದು ವರ್ಷಗಳದ್ದಾಗಿರಬೇಕು ಎಂಬುದು ಇದರ ಷರತ್ತು. ನಮ್ಮ ನಾಲ್ಕು ವರ್ಷದ ಬಿ.ಫಾರ್ಮ್ ಅಲ್ಲಿಗೆ ಸಾಲುವುದಿಲ್ಲ. ಆರು ವರ್ಷದ ಫಾರ್ಮ್.ಡಿ. ಸಾಲುತ್ತದೆ. ಬಿ.ಫಾರ್ಮ್ ಮಾಡಿದವರು ಮೂರು ವರ್ಷದ ಪೋಸ್ಟ್ ಬ್ಯಾಕಲೊರಿಯೇಟ್ ಫಾರ್ಮ್.ಡಿ.ಗೆ ಸೇರುವ ಮೊದಲು, ತಮ್ಮ ಎರಡು ಪದವಿಗಳನ್ನು ಒಟ್ಟಾಗಿ ಹೇಗೆ ಪರಿಗಣಿಸಲಾಗುತ್ತದೆ ಎಂಬುದನ್ನು ಎನ್‌ಎಬಿಪಿಯಿಂದ ಬರಹದಲ್ಲಿ ಕೇಳಿ ಪಡೆದುಕೊಳ್ಳಬೇಕು. ಏಜೆಂಟರ ಬಾಯಿಮಾತನ್ನು ನಂಬಿ ಮೂರು ವರ್ಷ ಹೂಡಬಾರದು.

ಎಫ್‌ಪಿಜಿಇಸಿಗೆ ಮೂರು ಅಂಗಗಳಿವೆ. ಮೊದಲನೆಯದು ಪದವಿ ದಾಖಲೆಗಳ ಮೌಲ್ಯಮಾಪನ. ಇಲ್ಲಿ ವಿಶ್ವವಿದ್ಯಾಲಯದಿಂದಲೂ ಫಾರ್ಮಸಿ ಕೌನ್ಸಿಲಿನಿಂದಲೂ ಕಾಗದಗಳು ಹೋಗಬೇಕಾಗುವುದರಿಂದ ತಿಂಗಳುಗಳು ಹಿಡಿಯುತ್ತವೆ. ಎರಡನೆಯದು ಟೋಫೆಲ್ ಇಂಗ್ಲಿಷ್ ಪರೀಕ್ಷೆ. ಅದರಲ್ಲಿ ಓದು, ಬರಹಗಳಿಗಿಂತ ಮಾತಿನ ವಿಭಾಗದಲ್ಲಿ ಹೆಚ್ಚಿನ ಅಂಕ ಬೇಕಾಗುತ್ತದೆ ಎಂಬುದು ನಮ್ಮ ಹುಡುಗರು ಎಡವುವ ಜಾಗ. ಮೂರನೆಯದು ಎಫ್‌ಪಿಜಿಇಇ ಪರೀಕ್ಷೆ. ಜೀವವೈದ್ಯಕೀಯ ಮೂಲ ವಿಜ್ಞಾನಗಳು, ಔಷಧ ವಿಜ್ಞಾನ, ಸಾಮಾಜಿಕ ಮತ್ತು ಆಡಳಿತ ವಿಷಯಗಳು, ಕ್ಲಿನಿಕಲ್ ವಿಜ್ಞಾನ ಎಂಬ ನಾಲ್ಕು ವಿಭಾಗಗಳಿಂದ ಪ್ರಶ್ನೆಗಳು ಬರುತ್ತವೆ. ಅಮೆರಿಕದ ಆರೋಗ್ಯ ವಿಮೆ ಹಾಗೂ ಸಂಶೋಧನಾ ವಿಧಾನಗಳ ಬಗೆಗಿನ ಪ್ರಶ್ನೆಗಳನ್ನು ನಮ್ಮ ಪಠ್ಯಪುಸ್ತಕಗಳ ಬಲದಿಂದಷ್ಟೇ ಉತ್ತರಿಸಲಾಗದು.

ಇದಾದ ಮೇಲೆ ಆಯಾ ರಾಜ್ಯದ ಫಾರ್ಮಸಿ ಮಂಡಳಿ ಹೇಳುವಷ್ಟು ಇಂಟರ್ನ್ ಗಂಟೆಗಳನ್ನು ಪೂರೈಸಿ, ನಾಪ್ಲೆಕ್ಸ್ ಎಂಬ ಫಾರ್ಮಸಿಸ್ಟ್ ಪರವಾನಗಿ ಪರೀಕ್ಷೆಯನ್ನೂ ಆ ರಾಜ್ಯದ ಕಾನೂನು ಪರೀಕ್ಷೆಯನ್ನೂ ಪಾಸು ಮಾಡಿ ಪರವಾನಗಿ ಪಡೆಯಬೇಕು. ರೆಸಿಡೆನ್ಸಿ ಆರಂಭವಾದ ಬಳಿಕ ಪರವಾನಗಿ ಬಂದರೂ ನಡೆಯುತ್ತದೆ. ಆದರೆ ವರ್ಷದ ಮೂರನೇ ಎರಡು ಭಾಗವನ್ನು ಪರವಾನಗಿ ಪಡೆದ ಫಾರ್ಮಸಿಸ್ಟ್ ಆಗಿಯೇ ಕಳೆಯಬೇಕೆಂಬ ಕಟ್ಟಳೆ ಇರುವುದರಿಂದ ತಡಮಾಡುವಂತಿಲ್ಲ. ವೀಸಾದ ವಿಷಯವನ್ನು ಎಲ್ಲಕ್ಕಿಂತ ಮೊದಲು ವಿಚಾರಿಸಬೇಕು. ವಿದೇಶಿ ಅಭ್ಯರ್ಥಿಗೆ ವೀಸಾ ಪ್ರಾಯೋಜಕತ್ವ ನೀಡುವುದಿಲ್ಲವೆಂದು ತಮ್ಮ ಪ್ರಕಟಣೆಯಲ್ಲೇ ಹೇಳಿಬಿಡುವ ಕಾರ್ಯಕ್ರಮಗಳು ಅನೇಕ. ಅಂಥವಕ್ಕೆ ಶುಲ್ಕ ಕಟ್ಟಿ ಅರ್ಜಿ ಹಾಕುವುದು ವ್ಯರ್ಥ.

ಅರ್ಜಿಯ ಕಾಲಚಕ್ರ

ಅರ್ಜಿಗಳೆಲ್ಲ ಫೋರ್ಕಾಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ ಹೋಗುತ್ತವೆ. ಡಿಸೆಂಬರಿನಲ್ಲಿ ಎಎಸ್‌ಎಚ್‌ಪಿಯ ಮಿಡ್‌ಇಯರ್ ಸಮ್ಮೇಳನ ನಡೆಯುತ್ತದೆ. ಕಾರ್ಯಕ್ರಮದವರೂ ಅಭ್ಯರ್ಥಿಗಳೂ ಅಲ್ಲಿ ಮುಖಾಮುಖಿಯಾಗುತ್ತಾರೆ. ಹೊಸ ವರ್ಷದ ಆಸುಪಾಸಿನಲ್ಲಿ ಅರ್ಜಿಯ ಗಡುವುಗಳು ಬೀಳುತ್ತವೆ, ಆಮೇಲೆ ಸಂದರ್ಶನಗಳು. ಮಾರ್ಚ್ ಆರಂಭದಲ್ಲಿ ಅಭ್ಯರ್ಥಿಯೂ ಕಾರ್ಯಕ್ರಮವೂ ತಂತಮ್ಮ ಆದ್ಯತೆಯ ಪಟ್ಟಿಯನ್ನು ಸಲ್ಲಿಸಿದರೆ, ಮ್ಯಾಚ್ ಎಂಬ ಹೊಂದಾಣಿಕೆಯ ಫಲಿತಾಂಶ ಮಾರ್ಚ್ ನಡುವಿನಲ್ಲಿ ಪ್ರಕಟವಾಗುತ್ತದೆ. ಉಳಿದ ಸ್ಥಾನಗಳಿಗೆ ಏಪ್ರಿಲ್ ಹೊತ್ತಿಗೆ ಎರಡನೆಯ ಸುತ್ತು ನಡೆಯುತ್ತದೆ. ಫಲಿತಾಂಶ ಎರಡೂ ಕಡೆಯವರನ್ನು ಕಟ್ಟಿಹಾಕುವ ಒಪ್ಪಂದವಾದ್ದರಿಂದ, ಹೋಗಲು ಮನಸ್ಸಿಲ್ಲದ ಜಾಗವನ್ನು ಪಟ್ಟಿಯಲ್ಲಿ ಸೇರಿಸಲೇಬಾರದು.

ಅರ್ಜಿಯೊಂದಿಗೆ ಅಂಕಪಟ್ಟಿ, ಬಯೋಡೇಟಾ, ಉದ್ದೇಶಪತ್ರ ಮತ್ತು ಮೂವರ ಶಿಫಾರಸು ಬೇಕು. ಶಿಫಾರಸು ಬರೆಯುವವರ ಆಯ್ಕೆಯಲ್ಲಿ ನಮ್ಮವರು ಹುದ್ದೆಗೆ ಮಣೆ ಹಾಕುತ್ತಾರೆ. ಪ್ರಾಂಶುಪಾಲರ ಸಹಿ ಇದ್ದರೆ ತೂಕ ಹೆಚ್ಚು ಎಂದು ಭಾವಿಸುತ್ತಾರೆ. ನೀವು ರೋಗಿಯೊಡನೆ ಮಾತಾಡುವುದನ್ನು ಕಣ್ಣಾರೆ ಕಂಡ ಕಿರಿಯ ಉಪನ್ಯಾಸಕರೋ ವಾರ್ಡಿನ ವೈದ್ಯರೋ ಬರೆದ ಪತ್ರಕ್ಕೆ ಇರುವ ಬೆಲೆ ಅಂಥ ಪತ್ರಕ್ಕೆ ಇರುವುದಿಲ್ಲ. ಉದ್ದೇಶಪತ್ರದಲ್ಲಿಯೂ ಅಷ್ಟೆ: ಚಿಕ್ಕಂದಿನಿಂದ ಸೇವೆಯ ಕನಸಿತ್ತು ಎಂಬ ಸಾಲುಗಳನ್ನು ಬಿಟ್ಟು, ನಿಮ್ಮ ಕೈಯಲ್ಲಿ ಹಾದುಹೋದ ಒಂದು ಚಿಕಿತ್ಸೆಯಲ್ಲಿ ನೀವು ಕಂಡ ದೋಷ, ಅದಕ್ಕೆ ನೀವು ಮಾಡಿದ ಉಪಾಯ, ಅದರಿಂದ ಆದ ಫಲ ಇವನ್ನು ಬರೆಯಬೇಕು. ಹಾಗೆ ಬರೆಯಲು ಏನಾದರೂ ಇರಬೇಕಾದರೆ ಮುಂದೆ ಹೇಳುವ ಒಂದು ವರ್ಷದ ಕೆಲಸ ಆಗಿರಬೇಕು.

ಊರಿನಲ್ಲಿ ಕಟ್ಟಿಕೊಳ್ಳುವ ವರ್ಷ

ಇದು ಮಾನ್ಯತೆ ಪಡೆದ ರೆಸಿಡೆನ್ಸಿಯಲ್ಲ, ಹಾಗೆಂದು ಹೇಳಿಕೊಳ್ಳಲೂಬಾರದು. ಮೊದಲ ಕೆಲಸ ನೋಂದಣಿಯದು. ಮಂಗಳೂರಿನಲ್ಲಿ ಓದಿ ಕರ್ನಾಟಕದ ಕೌನ್ಸಿಲಿನಲ್ಲಿ ಹೆಸರು ಬರೆಸಿದವರು ಕಾಸರಗೋಡಿನ ಅಂಗಡಿಯಲ್ಲಿ ಕೆಲಸ ಮಾಡಬೇಕಾದರೆ ನೋಂದಣಿಯನ್ನು ಕೇರಳ ರಾಜ್ಯ ಫಾರ್ಮಸಿ ಕೌನ್ಸಿಲಿಗೆ ವರ್ಗಾಯಿಸಿಕೊಳ್ಳಬೇಕು. ಆ ಬಳಿಕ ಜಾಗದ ಹುಡುಕಾಟ. ದೊಡ್ಡ ಆಸ್ಪತ್ರೆಯ ಒಳಗಿನ ಫಾರ್ಮಸಿಗಿಂತ, ಕ್ಯಾನ್ಸರ್ ಮತ್ತು ಕಸಿ ಔಷಧಗಳನ್ನು ತರಿಸಿಕೊಡುವ, ಮಾಲೀಕರಿಗೆ ಒಂದಿಷ್ಟು ತಾಳ್ಮೆಯಿರುವ ಪೇಟೆಯ ಅಂಗಡಿಯೇ ಇದಕ್ಕೆ ಒಳ್ಳೆಯದು. ಮಾಲೀಕರೊಡನೆ ಮೊದಲೇ ಒಂದು ಮಾತು ಆಗಬೇಕು: ದಿನದಲ್ಲಿ ಒಂದು ನಿಗದಿತ ಹೊತ್ತು ಕೌಂಟರಿನಿಂದ ಬಿಡುವು ಕೊಡಬೇಕು, ಆ ಹೊತ್ತಿನಲ್ಲಿ ರೋಗಿಗಳೊಡನೆ ಕುಳಿತು ಮಾತನಾಡುವ ಮತ್ತು ಫೋನಿನಲ್ಲಿ ವಿಚಾರಿಸುವ ಕೆಲಸ ಮಾತ್ರ ನಡೆಯಬೇಕು. ಈ ಬಿಡುವು ಸಿಗದಿದ್ದರೆ ವರ್ಷ ಕಳೆಯುವಾಗ ನೀವು ಚುರುಕಾದ ಸೇಲ್ಸ್‌ಮನ್ ಆಗಿರುತ್ತೀರಿ, ಬೇರೇನೂ ಅಲ್ಲ.

ಪ್ರಿಸೆಪ್ಟರ್ ಸ್ಥಾನಕ್ಕೆ ನೀವು ಓದಿದ ಕಾಲೇಜಿನ ಫಾರ್ಮಸಿ ಪ್ರ್ಯಾಕ್ಟಿಸ್ ವಿಭಾಗದ ಒಬ್ಬ ಅಧ್ಯಾಪಕರನ್ನು ಕೇಳಿಕೊಳ್ಳಿ. ವಾರಕ್ಕೊಮ್ಮೆ ಎರಡು ಪ್ರಕರಣಗಳನ್ನು ಅವರಿಗೆ ಬರೆದು ಕಳುಹಿಸಿ, ಅವರಿಂದ ಬರಹದಲ್ಲೇ ಅಭಿಪ್ರಾಯ ಪಡೆಯಿರಿ. ರೋಗಿಯ ಹೆಸರು, ಊರು, ಫೋನ್ ಸಂಖ್ಯೆ ಆ ಬರಹದಲ್ಲಿ ಇರಬಾರದು. ಮೌಖಿಕವಾಗಿ ಚೆನ್ನಾಗಿದೆ ಎಂದು ಹೇಳಿ ಮುಗಿಸುವ ಗುರುಗಳಿಗಿಂತ, ಸಾಲುಸಾಲಿಗೆ ಕೆಂಪು ಗೀಟು ಹಾಕುವವರು ಸಿಕ್ಕರೆ ನಿಮ್ಮ ಪುಣ್ಯ.

ವರ್ಷವನ್ನು ರೋಗಗಳ ಗುಂಪುಗಳಿಗೆ ಹಂಚಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಹಿಡಿಯಬಾರದು. ಮೊದಲು ಸಂಧಿವಾತ, ಬಳಿಕ ಕಸಿ, ಆಮೇಲೆ ಕ್ಯಾನ್ಸರ್ ಎಂಬ ಕ್ರಮ ನನಗೆ ಒಳ್ಳೆಯದೆನಿಸಿದೆ. ಸಂಧಿವಾತದಿಂದ ಆರಂಭಿಸಲು ಕಾರಣ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದು ದಿನ ಮಾತ್ರ ಕೊಡುತ್ತಾರೆ. ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಪ್ರಾಣಕ್ಕೇ ಸಂಚಕಾರ ಬರುತ್ತದೆ. ಬೆಲೆಯಲ್ಲಿ ಅಗ್ಗವಾದರೂ ಸ್ಪೆಷಾಲಿಟಿ ಔಷಧಕ್ಕೆ ಬೇಕಾದ ಎಚ್ಚರವನ್ನು ಇಷ್ಟು ಚೆನ್ನಾಗಿ ಕಲಿಸುವ ಮಾತ್ರೆ ಇನ್ನೊಂದಿಲ್ಲ. ಲಕೋಟೆಯ ಮೇಲೆ ವಾರಕ್ಕೊಂದು ಎಂದು ಬರೆದರೆ ಸಾಲದು. ವಾರದ ಯಾವ ದಿನ ಎಂಬುದನ್ನು ರೋಗಿಯನ್ನೇ ಕೇಳಿ, ಬುಧವಾರ ಮಾತ್ರ ಎಂದು ದೊಡ್ಡಕ್ಷರದಲ್ಲಿ ಬರೆದು, ಫೋಲಿಕ್ ಆಸಿಡ್ ಮಾತ್ರೆಯನ್ನು ವೈದ್ಯರು ಹೇಳಿದ ಬೇರೆ ದಿನಕ್ಕೆ ಗುರುತಿಸಿ, ಕೊನೆಗೆ ಅವರ ಬಾಯಿಂದಲೇ ಹೇಳಿಸಬೇಕು.

“ಅಮ್ಮಾ, ಈ ಹಳದಿ ಮಾತ್ರೆಯನ್ನು ಮನೆಗೆ ಹೋಗಿ ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ಹೇಳಿ ನೋಡುವಾ” ಎಂದು ಕೇಳಿದಾಗ, “ಬುಧವಾರ ರಾತ್ರಿ ಊಟ ಆಗಿ ಒಂದು, ನೋವು ಜಾಸ್ತಿಯಾದರೆ ಇನ್ನೊಂದು” ಎಂಬ ಉತ್ತರ ಬಂದರೆ, ಆ ಎರಡನೆಯ ಅರ್ಧದಲ್ಲಿ ಅಪಾಯವಿದೆ. ಗೊತ್ತಾಯಿತಾ ಎಂದು ಕೇಳಿದ್ದರೆ ಗೊತ್ತಾಯಿತು ಎಂದು ತಲೆಯಾಡಿಸಿ ಹೋಗುತ್ತಿದ್ದರು. ಹಿರಿಯರನ್ನು ಪರೀಕ್ಷೆ ಮಾಡಿದಂತಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿ ಇದೆ. ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕಿತ್ತು ಎಂದು ತಪ್ಪನ್ನು ತನ್ನ ಮೇಲೆಳೆದುಕೊಂಡು ಕೇಳಿದರೆ ಆ ಸಂಕೋಚ ಹೋಗುತ್ತದೆ.

ಭಾಷೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಂದೇ ಮನೆಯಲ್ಲಿ ಅಜ್ಜಿ ಕನ್ನಡ ಶಾಲೆಯಲ್ಲಿ ಓದಿದವರು, ಮೊಮ್ಮಗ ಮಲಯಾಳಂ ಅಥವಾ ಇಂಗ್ಲಿಷ್ ಮಾಧ್ಯಮದವನು, ಆಡುವ ಮಾತು ತುಳುವೋ ಹವ್ಯಕವೋ ಬ್ಯಾರಿಯೋ ಆಗಿರುತ್ತದೆ. ರೋಗಿ ಯಾವ ಭಾಷೆ ಮಾತಾಡುತ್ತಾರೆ ಎನ್ನುವುದಕ್ಕಿಂತ, ಮನೆಯಲ್ಲಿ ಮಾತ್ರೆಯ ಲಕೋಟೆಯನ್ನು ಓದಿಕೊಡುವವರು ಯಾರು, ಅವರಿಗೆ ಯಾವ ಲಿಪಿ ಬರುತ್ತದೆ ಎಂಬುದನ್ನು ಕೇಳಿ ದಾಖಲಿಸಿಕೊಳ್ಳಬೇಕು. ಎರಡು ಲಿಪಿಗಳಲ್ಲಿ ಬರೆಯಲು ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಅಡಲಿಮುಮ್ಯಾಬ್‌ನಂಥ ಚುಚ್ಚುಮದ್ದುಗಳಲ್ಲಿ ತಂಪಿನ ಸರಪಳಿಯನ್ನು ಕಲಿಯಬೇಕು. ಈ ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಲೇಬೇಕು. ನಮ್ಮಲ್ಲಿ ಬಿಸಿಯ ಭಯ ಎಲ್ಲರಿಗೂ ಇದೆ, ಹೆಪ್ಪುಗಟ್ಟುವ ಭಯ ಯಾರಿಗೂ ಇಲ್ಲ. ಮಂಗಳೂರಿನಿಂದ ಬಸ್ಸಿನಲ್ಲಿ ತರುವಾಗ ಫ್ರೀಜರಿನಿಂದ ಆಗತಾನೆ ತೆಗೆದ ಐಸ್‌ಪ್ಯಾಕಿಗೆ ಔಷಧದ ಪೆಟ್ಟಿಗೆಯನ್ನು ಅಂಟಿಸಿ ಇಟ್ಟರೆ ತಲಪಾಡಿ ದಾಟುವುದರೊಳಗೆ ಅದು ಕೆಟ್ಟಿರಬಹುದು. ಐಸ್‌ಪ್ಯಾಕನ್ನು ಹೊರಗಿಟ್ಟು ಮೇಲಿನ ಬಿಳಿಹಿಮ ಕರಗಿದ ಮೇಲೆ, ನಡುವೆ ದಪ್ಪ ಬಟ್ಟೆಯನ್ನೋ ಕಾಗದವನ್ನೋ ಇಟ್ಟು, ಕನಿಷ್ಠ ಹಾಗೂ ಗರಿಷ್ಠ ಉಷ್ಣತೆಯನ್ನು ತೋರಿಸುವ ಸಣ್ಣ ಥರ್ಮಾಮೀಟರನ್ನು ಜತೆಗೆ ಹಾಕಿ ಕಳುಹಿಸಬೇಕು. ಕೆಲವು ತಯಾರಕರು ಫ್ರಿಜ್ಜಿನ ಹೊರಗೆ 25 ಡಿಗ್ರಿಯೊಳಗೆ 14 ದಿನಗಳವರೆಗೆ ಇಡಬಹುದೆಂದು ಹೇಳುತ್ತಾರೆ. ಕಾಸರಗೋಡಿನ ಮನೆಗಳಲ್ಲಿ ವರ್ಷದ ಹೆಚ್ಚು ದಿನ 25 ಡಿಗ್ರಿಗಿಂತ ಕೆಳಗಿನ ಹಗಲು ಸಿಗುವುದಿಲ್ಲವಾದ್ದರಿಂದ ಆ ಅನುಮತಿ ನಮಗೆ ಕಾಗದದಲ್ಲಷ್ಟೇ ಇದೆ. ಮಳೆಗಾಲದಲ್ಲಿ ಒಳನಾಡಿನಲ್ಲಿ ಮರ ಬಿದ್ದು ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳಲಾಗದು. ಫ್ರಿಜ್ಜಿನ ಬಾಗಿಲು ತೆರೆಯದಿರುವುದು, ಇನ್ವರ್ಟರ್ ಇರುವ ನೆರೆಮನೆಯನ್ನೋ ಪೇಟೆಯ ಅಂಗಡಿಯನ್ನೋ ಮೊದಲೇ ಗೊತ್ತುಮಾಡಿಕೊಳ್ಳುವುದು ರೋಗಿಗೆ ಕೊಡುವ ಸಲಹೆಯಲ್ಲಿ ಸೇರಿರಬೇಕು. ಚುಚ್ಚುವ ಮೊದಲು ಅರ್ಧ ಗಂಟೆ ಹೊರಗಿಡುವುದು, ತೊಡೆ ಮತ್ತು ಹೊಟ್ಟೆಯಲ್ಲಿ ಪ್ರತಿ ಸಲ ಜಾಗ ಬದಲಿಸುವುದು, ಕ್ಷಯದ ಪರೀಕ್ಷೆ ಆಗಿದೆಯೇ ಎಂದು ಮೊದಲ ಡೋಸಿಗೆ ಮುಂಚೆ ತಾಳೆ ನೋಡುವುದು ಇವೆಲ್ಲ ಪುಸ್ತಕದಲ್ಲಿವೆ, ಓದಿಕೊಂಡರೆ ಸಾಕು.

ಕಸಿಯ ಔಷಧಗಳಲ್ಲಿ ಸಮಯವೇ ಮುಖ್ಯ. ದಿನಕ್ಕೆರಡು ಸಲದ ಟ್ಯಾಕ್ರೊಲಿಮಸನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬೇಕು. ರಕ್ತದ ಮಟ್ಟ ನೋಡುವ ದಿನ ಬೆಳಗಿನ ಡೋಸನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ಬೆಳಿಗ್ಗೆ ಆರರ ಬಸ್ಸು ಹಿಡಿದು ಮಂಗಳೂರಿಗೆ ಹೋಗುವವರು ಮನೆಯಲ್ಲೇ ಮಾತ್ರೆ ನುಂಗಿ ಹೊರಟರೆ ಪರೀಕ್ಷೆಯ ಅಂಕಿ ಸುಳ್ಳು ಹೇಳುತ್ತದೆ, ಆ ಸುಳ್ಳನ್ನು ನಂಬಿ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಮೊದಲಾದವು ಇದರ ಮಟ್ಟವನ್ನು ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಗ್ರೇಪ್‌ಫ್ರೂಟ್ ತಿನ್ನಬೇಡಿ ಎಂದು ಕರಪತ್ರದಲ್ಲಿ ಅಚ್ಚಾಗಿರುವುದು ನಮ್ಮ ರೋಗಿಗೆ ಅರ್ಥವಾಗುವುದಿಲ್ಲ. ಅದರ ಬಳಗದ ಚಕ್ಕೋತ ಹಿತ್ತಿಲಲ್ಲೇ ಇರುವುದರಿಂದ ಅದರ ಹೆಸರನ್ನೇ ಹೇಳಬೇಕು. ಒಂದು ಕಂಪನಿಯ ಮಾತ್ರೆ ಇಲ್ಲವೆಂದು ಇನ್ನೊಂದನ್ನು ವೈದ್ಯರಿಗೆ ತಿಳಿಸದೆ ಕೊಡುವ ಅಂಗಡಿಯ ಅಭ್ಯಾಸ ಇಲ್ಲಿ ಸಲ್ಲದು.

ಕ್ಯಾನ್ಸರ್ ಮಾತ್ರೆಗಳಲ್ಲಿ ಎಣಿಕೆ ಮುಖ್ಯ. ಕ್ಯಾಪಸಿಟಬಿನ್ ಅನ್ನು ಸಾಮಾನ್ಯವಾಗಿ 14 ದಿನ ಕೊಟ್ಟು 7 ದಿನ ಬಿಡುತ್ತಾರೆ. ಒಂದು ಹೊತ್ತಿಗೆ 1500 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಎಂದು ಚೀಟಿಯಲ್ಲಿದ್ದರೆ 500 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಆರು, ಒಂದು ಆವರ್ತಕ್ಕೆ 84. ತಿಂಗಳ ಲೆಕ್ಕ ಹಾಕಿ 180 ಕೊಟ್ಟು ಕಳುಹಿಸಿದರೆ, ಇರುವಷ್ಟನ್ನು ಬಿಡುವಿಲ್ಲದೆ ನುಂಗುವ ರೋಗಿ ಖಂಡಿತ ಸಿಗುತ್ತಾರೆ. ಆದ್ದರಿಂದ 84ನ್ನೇ ಕೊಡಬೇಕು, ಕ್ಯಾಲೆಂಡರಿನಲ್ಲಿ ಬಿಡುವಿನ ಏಳು ದಿನಗಳಿಗೆ ಗೀಟು ಹಾಕಿಕೊಡಬೇಕು, ಊಟವಾದ ಅರ್ಧ ಗಂಟೆಯೊಳಗೆ ನುಂಗಲು ಹೇಳಬೇಕು. ಹತ್ತನೆಯ ದಿನದ ಸುಮಾರಿಗೆ ಕರೆಮಾಡಿ ಅಂಗೈ, ಅಂಗಾಲು ಕೆಂಪಾಗಿದೆಯೇ, ಉರಿಯುತ್ತಿದೆಯೇ, ಭೇದಿ ಆಗುತ್ತಿದೆಯೇ ಎಂದು ಕೇಳಬೇಕು. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ನಡೆಯುವವರು ಅಂಗಾಲಿನ ಉರಿಯನ್ನು ಕಾಯಿಲೆಯ ಸೂಚನೆಯೆಂದು ತಾವಾಗಿ ಹೇಳುವುದಿಲ್ಲ. ಔಷಧದಿಂದ ಬಂದ ತೊಂದರೆ ಎಂಬ ಅನುಮಾನವಿದ್ದರೆ ವೈದ್ಯರಿಗೆ ತಿಳಿಸುವುದರ ಜತೆಗೆ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೂ ವರದಿ ಮಾಡಬೇಕು. ಅದರ ಉಚಿತ ಸಹಾಯವಾಣಿ 1800-180-3024.

ಹಣದ ದಾರಿ ಕಲಿಯುವುದು

ಅಮೆರಿಕದ ರೆಸಿಡೆಂಟ್ ವಿಮಾ ಕಂಪನಿಗಳೊಡನೆ ಗುದ್ದಾಡಿ ಕಲಿಯುವ ವಿದ್ಯೆಯನ್ನು ನಾವು ಸರಕಾರಿ ಯೋಜನೆಗಳಲ್ಲಿ ಕಲಿಯಬೇಕು. ಕೇರಳದ ಚಿಕಿತ್ಸಾ ನೆರವಿನ ಯೋಜನೆಯಾದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು, ಕಾರುಣ್ಯ ಫಾರ್ಮಸಿಗಳು, 2024ರ ಆಗಸ್ಟಿನಲ್ಲಿ ಆರಂಭವಾದ ಲಾಭರಹಿತ ಕ್ಯಾನ್ಸರ್ ಔಷಧದ ಕೌಂಟರ್‌ಗಳು, ಹಿಮೋಫಿಲಿಯಾದವರಿಗೆ ಆಶಾಧಾರಾ ಯೋಜನೆ, ಹೆಪಟೈಟಿಸ್ ಸಿ ರೋಗಿಗಳಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಔಷಧ, ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷ ರೂಪಾಯಿವರೆಗಿನ ನೆರವು, ಕಡಿಮೆ ಬೆಲೆಗೆ ಔಷಧ ಕೊಡುವ ಜನೌಷಧಿ ಮತ್ತು ಅಮೃತ್ ಮಳಿಗೆಗಳು, ಔಷಧ ಕಂಪನಿಗಳ ರೋಗಿ ಸಹಾಯ ಯೋಜನೆಗಳು: ಇವುಗಳಲ್ಲಿ ಯಾವುದಕ್ಕೆ ಯಾವ ಕಾಗದ ಬೇಕು, ಯಾವ ಕಚೇರಿ, ಯಾರ ಸಹಿ ಎಂಬ ಪಟ್ಟಿಯನ್ನು ಮೊದಲ ತಿಂಗಳಲ್ಲೇ ಮಾಡಿಕೊಳ್ಳಬೇಕು. ಮಂಗಳೂರಿನ ಆಸ್ಪತ್ರೆಯ ಕಾಗದಗಳನ್ನು ಕೇರಳದ ಯೋಜನೆಗೆ ಹಚ್ಚುವಾಗ ಏಳುವ ತಕರಾರುಗಳು ಗಡಿನಾಡಿನವರಿಗೆ ಮಾತ್ರ ಗೊತ್ತಿರುವ ಜ್ಞಾನ. ತಿರುವನಂತಪುರ ಐನೂರು ಕಿಲೋಮೀಟರಿಗೂ ಹೆಚ್ಚು ದೂರ, ಮಂಗಳೂರು ಐವತ್ತರ ಆಸುಪಾಸು. ರೋಗಿ ಹತ್ತಿರಕ್ಕೆ ಹೋಗುವುದು ಸಹಜ. ಕ್ಯಾನ್ಸರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರವಿದೆ ಎಂಬುದನ್ನು ಉತ್ತರದ ಹಳ್ಳಿಗಳವರಿಗೆ ನೆನಪಿಸಬೇಕಾಗುತ್ತದೆ. ಬಜಕೂಡ್ಲು, ಪಡ್ರೆಗಳಂಥ ಎಂಡೋಸಲ್ಫಾನ್ ಬಾಧಿತ ಊರುಗಳ ಮನೆಗಳಲ್ಲಿ ಪರಿಹಾರ ಮತ್ತು ಚಿಕಿತ್ಸೆಯ ಕಾಗದಗಳ ಕಟ್ಟು ಈಗಾಗಲೇ ಇರುತ್ತದೆ. ಅದನ್ನು ಹೊಸದಾಗಿ ಕೇಳಿ ಅವರನ್ನು ಮತ್ತೆ ಅಲೆಸಬಾರದು.

ಇನ್ನೊಂದು ಅಂಶವನ್ನು ಪ್ರತಿ ರೋಗಿಯ ಕಡತದಲ್ಲೂ ಬರೆದಿಡಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ವೈದ್ಯರನ್ನೂ ಔಷಧವನ್ನೂ ನಂಬಿದ್ದವರು ಕೈಕಟ್ಟಿ ಕುಳಿತುಕೊಳ್ಳಬೇಕಾಯಿತು. ನಿಲ್ಲಿಸಬಾರದ ಔಷಧಕ್ಕೆ ಗಡಿಯ ಈಚೆಗೆ ಇನ್ನೊಂದು ಪೂರೈಕೆಯ ಜಾಗ, ಚೀಟಿ ನವೀಕರಿಸಬಲ್ಲ ಇನ್ನೊಬ್ಬ ವೈದ್ಯರು, ಕನಿಷ್ಠ ಎಷ್ಟು ದಿನದ ದಾಸ್ತಾನು ಮನೆಯಲ್ಲಿರಬೇಕು ಎಂಬ ಮೂರು ಸಾಲುಗಳು ಅಲ್ಲಿರಲಿ.

ಯೋಜನೆ ಮತ್ತು ಅಳತೆ

ಸಂಶೋಧನೆಗೆ ದೊಡ್ಡ ವಿಷಯ ಬೇಡ. ರೋಗಿಗಳು ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಬಿಲ್ಲುಗಳಿಂದ ಅಳೆಯುವ ಒಂದು ಸರಳ ವಿಧಾನವಿದೆ: ಒಂದು ಅವಧಿಯಲ್ಲಿ ರೋಗಿಯ ಕೈಯಲ್ಲಿ ಔಷಧವಿದ್ದ ದಿನಗಳನ್ನು ಒಟ್ಟು ದಿನಗಳಿಂದ ಭಾಗಿಸುವುದು. ಉದಾಹರಣೆಗೆ ಮಾರ್ಚ್ 1ರಿಂದ ಮೇ 29ರವರೆಗೆ 90 ದಿನಗಳು. ರೋಗಿ 30 ದಿನಗಳ ಮಾತ್ರೆಗಳನ್ನು ಮಾರ್ಚ್ 1, ಏಪ್ರಿಲ್ 10 ಮತ್ತು ಮೇ 18ರಂದು ಒಯ್ದರೆ, ಔಷಧವಿದ್ದ ದಿನಗಳು 30, 30 ಮತ್ತು 12, ಒಟ್ಟು 72. ಅಂದರೆ ಶೇಕಡಾ 80. ಬಹಳಷ್ಟು ದೀರ್ಘಕಾಲೀನ ಔಷಧಗಳಿಗೆ 80 ಸಾಕು ಎಂಬ ರೂಢಿಯಿದೆ. ಆದರೆ ಇದೇ ಲೆಕ್ಕದಲ್ಲಿ ಮಾರ್ಚ್ 31ರಿಂದ ಏಪ್ರಿಲ್ 9ರವರೆಗೆ ಹತ್ತು ದಿನಗಳ ಒಂದು ಬಿರುಕು ಅಡಗಿದೆ. ಕಸಿಯಾದವರಿಗೆ ಆ ಹತ್ತು ದಿನಗಳಲ್ಲಿ ಅಂಗವೇ ಕೈಬಿಟ್ಟು ಹೋಗಬಹುದು. ಸರಾಸರಿಯನ್ನು ಮಾತ್ರ ಬರೆದು ಅತಿ ಉದ್ದದ ಬಿರುಕನ್ನು ಬರೆಯದ ಯೋಜನೆಯನ್ನು ನಾನಾದರೆ ಒಪ್ಪುವುದಿಲ್ಲ.

ಔಷಧ ಮುಗಿಯುವ ಏಳು ದಿನ ಮೊದಲು ಕರೆಮಾಡುವ ಪದ್ಧತಿಯಿಂದ ಈ ಬಿರುಕುಗಳು ಕಿರಿದಾಗುತ್ತವೆಯೇ ಎಂಬುದು ಒಂದು ವರ್ಷಕ್ಕೆ ಹೇಳಿ ಮಾಡಿಸಿದ ಪ್ರಶ್ನೆ. ರೋಗಿಗಳ ಮಾಹಿತಿ ಬಳಸುವ ಕೆಲಸವಾದ್ದರಿಂದ ಆರಂಭಿಸುವ ಮೊದಲೇ ಕಾಲೇಜಿನ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆಯನ್ನೂ ರೋಗಿಯ ಲಿಖಿತ ಸಮ್ಮತಿಯನ್ನೂ ಪಡೆಯಬೇಕು. ಸಮ್ಮತಿಪತ್ರ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇರಬೇಕು. ಔಷಧ ತಡವಾದದ್ದಕ್ಕೆ ಕಾರಣವನ್ನು ಪ್ರತಿ ಸಲ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ: ದುಡ್ಡಿರಲಿಲ್ಲ, ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, ಹರತಾಳವಿತ್ತು, ಗುಣವಾಯಿತೆಂದು ಬಿಟ್ಟರು, ಮದುವೆಗೆ ಹೋಗಿದ್ದರು. ವರ್ಷದ ಕೊನೆಯಲ್ಲಿ ಅಂಕಿಗಳಿಗಿಂತ ಈ ಸಾಲುಗಳೇ ಹೆಚ್ಚು ಹೇಳುತ್ತವೆ, ಸಂದರ್ಶನದಲ್ಲಿ ಕೇಳುವವರ ಕಿವಿ ನಿಮಿರುವುದೂ ಇವುಗಳಿಗೇ.

ವರ್ಷ ಮುಗಿಯುವ ಎರಡು ತಿಂಗಳು ಮೊದಲು ಹಸ್ತಾಂತರದ ಸಿದ್ಧತೆ ಆಗಬೇಕು. ನೀವು ವಿದೇಶಕ್ಕೆ ಹೋಗಲಿ, ಪರಿಯಾರಂನಲ್ಲೋ ಮಂಗಳೂರಿನಲ್ಲೋ ಕೆಲಸಕ್ಕೆ ಸೇರಲಿ, ನಿಮ್ಮ ಫೋನಿಗೆ ಕಾಯುವ ರೋಗಿಗಳನ್ನು ಅಂಗಡಿಯ ಇನ್ನೊಬ್ಬ ಫಾರ್ಮಸಿಸ್ಟಿಗೆ ಒಬ್ಬೊಬ್ಬರನ್ನಾಗಿ ಪರಿಚಯಿಸಿ, ಒಂದೆರಡು ಕರೆಗಳನ್ನು ಅವರೇ ಮಾಡುವಂತೆ ಪಕ್ಕದಲ್ಲಿ ಕುಳಿತು ನೋಡಿ, ಕಡತಗಳನ್ನು ಸಹಿ ಹಾಕಿಸಿ ಒಪ್ಪಿಸಬೇಕು. ಪ್ರಿಸೆಪ್ಟರ್ ಬರೆದ ವಾರದ ಅಭಿಪ್ರಾಯಗಳು, ಹೆಸರು ಅಳಿಸಿದ ಪ್ರಕರಣಗಳು, ಯೋಜನೆಯ ವರದಿ ಮತ್ತು ಔಷಧ ಜಾಗರೂಕತಾ ವರದಿಗಳ ಪ್ರತಿಗಳು ಇವಿಷ್ಟನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಫೋರ್ಕಾಸ್ ಅರ್ಜಿ ತುಂಬುವಾಗಲೂ, ವಿದೇಶದ ಆಸೆ ಬಿಟ್ಟು ಇಲ್ಲಿಯ ಪರವಾನಗಿಯ ಬಲದ ಮೇಲೆಯೇ ಅಮೆರಿಕದ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲ್ಟೀಸ್ ನಡೆಸುವ ಪರಿಣತಿ ಪ್ರಮಾಣಪತ್ರದ ಪರೀಕ್ಷೆಯೊಂದಕ್ಕೆ ಅನುಭವದ ದಾಖಲೆ ಒದಗಿಸುವಾಗಲೂ ತೆರೆಯಬೇಕಾಗುವುದು ಆ ಫೈಲನ್ನೇ.